ತಿಪ್ಪೆಯ ಶುದ್ಧಿ

ತಿಪ್ಪೆಯಿಲ್ಲದ ರೈತನ ಮನೆಯು ಹಿಂದೆ ನಮ್ಮ ಹಳ್ಳಿಗಳಲ್ಲಿ ಅಪರೂಪವಾಗಿತ್ತು. ಅಡಿಗೆಮನೆಯ ಸಿಪ್ಪೆ, ಒಲೆಯ ಬೂದಿ, ಕೊಟ್ಟಿಗೆಯ ಸೆಗಣಿ, ಅಂಗಳದ ತರಗು ಇವೆಲ್ಲವೂ ಅಲ್ಲಿ ಕೊಳೆತು ಹೊಲವನ್ನು ಸೇರುತ್ತಿದ್ದುವು. ಹರಿದ ಸೀರೆಯು ಕೌದಿಯಾಗುತ್ತಿತ್ತು. ಒಡೆದ ಪಾತ್ರೆಯು ಕಂಚುಗಾರನಲ್ಲಿಗೆ ಹೋಗುತ್ತಿತ್ತು. ಎಸೆಯತಕ್ಕ ಪದಾರ್ಥವು ಬಹು ಸ್ವಲ್ಪವಾಗಿತ್ತು.

ಈಗಲಾದರೋ ಅದೇ ತಿಪ್ಪೆಯಲ್ಲಿ ಹಾಲಿನ ಪೊಟ್ಟಣ, ಔಷಧದ ಸೀಸೆ, ಸವೆದ ಬ್ಯಾಟರಿ ಮುಂತಾದುವು ಕಾಣಬರುತ್ತವೆ. ಗೊಬ್ಬರದೊಡನೆ ಇವೂ ಹೊಲಕ್ಕೆ ಹೋಗುತ್ತವೆ. ಪ್ಲಾಸ್ಟಿಕ್ಕು ನೇಗಿಲಿಗೆ ಸಿಕ್ಕಿ ಚೂರಾಗುವುದಲ್ಲದೆ ಕೊಳೆಯುವುದಿಲ್ಲ. ಗಾಜು ಉಳುವವನ ಕಾಲನ್ನು ಕೊಯ್ಯುತ್ತದೆ. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಎಷ್ಟು ಕೊಳೆಯಿಸಿದರೂ ನಾಶವಾಗುವುದಿಲ್ಲ. ತಿಪ್ಪೆಯನ್ನು ಮೇಯುವ ದನದ ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕು ಗಂಟುಕಟ್ಟಿ ಪ್ರಾಣಕ್ಕೆ ಮುಳುವಾಗುವುದುಂಟು.

ಗೊಬ್ಬರ ಮಾಡುವ ವಿದ್ಯೆಯು ನಮಗೆ ಹೊಸದಲ್ಲ. ಪಟ್ಟಣದ ಕಸದಿಂದ ಗೊಬ್ಬರ ಮಾಡಲು ಆಚಾರ್ಯರೆಂಬ ವಿಜ್ಞಾನಿಗಳು 1939ರಲ್ಲಿ ರೂಪಿಸಿದ ವಿಧಾನಕ್ಕೆ ‘ಬೆಂಗಳೂರು ಪದ್ಧತಿ’ಯೆಂದೇ ಹೆಸರು. ಸುಮಾರು 1 ಮೀಟರು ಆಳದ ಗುಂಡಿಯಲ್ಲಿ ಕಸವನ್ನೂ ಮಲವನ್ನೂ ಪದರಪದರವಾಗಿ ತುಂಬಿ ಮುಚ್ಚಿಬಿಟ್ಟರೆ, ತಿರುವಿಹಾಕುವ ಶ್ರಮವಿಲ್ಲದೆ 6ರಿಂದ 8 ತಿಂಗಳಲ್ಲಿ ಗೊಬ್ಬರವು ಸಿದ್ಧವಾಗುತ್ತದೆ. ಇಂತಹ ಪದ್ಧತಿಗೆ ಹೆಸರು ಕೊಟ್ಟ ನಗರವೇ ತನ್ನ ಕಸವನ್ನು ಬೆರಕೆಯಾಗಿ ಮಾವಳ್ಳಿಪುರದಲ್ಲಿಯೂ ಮಂಡೂರಿನಲ್ಲಿಯೂ ಸುರಿಯಿತು. ಗ್ರಾಮಸ್ಥರ ವಿರೋಧದ ಮೇಲೆ 2012ರಲ್ಲಿ ಮೊದಲನೆಯದೂ 2014ರಲ್ಲಿ ಎರಡನೆಯದೂ ನಿಂತುವು. ಹಳ್ಳಿಗಳೂ ಇದೇ ದಾರಿಯನ್ನು ಹಿಡಿಯಬೇಕೆ?

ಬೆರೆತ ಮೇಲೆ ಕಸವನ್ನು ಬಿಡಿಸುವುದು ಯಂತ್ರಕ್ಕೂ ಕಷ್ಟ. ಆದುದರಿಂದ ಗೊಬ್ಬರದ ಗುಣವು ಗುಂಡಿಯಲ್ಲಿ ನಿರ್ಣಯವಾಗುವುದಕ್ಕೆ ಮುಂಚೆ ಅಡಿಗೆಮನೆಯಲ್ಲಿಯೇ ನಿರ್ಣಯವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಹಸಿಕಸ, ಒಣಕಸ, ಅಪಾಯಕರವಾದ ಕಸ ಎಂದು ಮನೆಯಲ್ಲಿಯೇ ಮೂರಾಗಿ ವಿಂಗಡಿಸಬೇಕೆಂದು ಕೇಂದ್ರ ಸರ್ಕಾರದ 2016ರ ನಿಯಮಗಳು ವಿಧಿಸಿದುವು. ಆದರೆ ನಿಯಮವು ಮನೆಯ ಬುಟ್ಟಿಯನ್ನು ನೋಡಿಕೊಳ್ಳಲಾರದು.

ಈ ಕೆಲಸವೂ ಹೆಂಗಸರ ಮೇಲೆಯೇ ಬೀಳುವುದೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪಣೆಯು ನ್ಯಾಯವಾದುದೇ. ಎಸೆಯುವವರು ಎಲ್ಲರೂ ಆಗಿರುವಾಗ ವಿಂಗಡಿಸುವವರೂ ಎಲ್ಲರೂ ಆಗತಕ್ಕದ್ದು. ಎಸೆಯುವಾಗ ಕ್ಷಣಮಾತ್ರದಲ್ಲಿ ಆಗುವ ಈ ಕೆಲಸವನ್ನು ನಾವು ಬಿಟ್ಟರೆ, ಅದನ್ನು ಪೌರಕಾರ್ಮಿಕರು ಕೊಳೆತ ರಾಶಿಯಲ್ಲಿ ಕೈಯಿಟ್ಟು ಮಾಡಬೇಕಾಗುತ್ತದೆ.

ಮೊದಲು, ಬೇಡದ ಪೊಟ್ಟಣವನ್ನು ಮನೆಗೆ ತರದಿರುವುದು ಮೇಲು. ಸಂತೆಗೆ ಬಟ್ಟೆಯ ಚೀಲವನ್ನು ಒಯ್ಯುವುದರಿಂದ ಹಿಂದಿನವರಿಗೆ ಅಗೌರವವೇನೂ ಆಗಿರಲಿಲ್ಲ. ಎರಡನೆಯದಾಗಿ, ಡಬ್ಬಿ, ಸೀಸೆ, ಗೋಣಿಗಳನ್ನು ಬಾಳುವಷ್ಟು ದಿನ ಬಳಸಬೇಕು. ಆದರೆ ಕೀಟನಾಶಕ ತುಂಬಿದ್ದ ಡಬ್ಬಿಯನ್ನು ಎಷ್ಟು ತೊಳೆದರೂ ನೀರಿಗಾಗಲಿ ಧಾನ್ಯಕ್ಕಾಗಲಿ ಉಪಯೋಗಿಸಕೂಡದು. ಕಡೆಯದಾಗಿ, ಕಾಗದ, ಲೋಹ, ಪ್ಲಾಸ್ಟಿಕ್ಕುಗಳನ್ನು ಒಣದಾಗಿಟ್ಟು ಮರುಬಳಕೆಗೆ ಕೊಡಬೇಕು. ನೀರು ಕಾಯಿಸುವ ಒಲೆಗೆ ಪ್ಲಾಸ್ಟಿಕ್ಕನ್ನು ಹಾಕುವ ಅಭ್ಯಾಸವು ಈಗ ಹಲವು ಕಡೆ ಉಂಟು. ಅದರ ಹೊಗೆಯು ವಿಷಕರವಾದುದರಿಂದ ಅದನ್ನು ಕೂಡಲೇ ಬಿಡತಕ್ಕದ್ದು.

ರೈತರಿಗೆ ಇನ್ನೊಂದು ಮಾತು. ಪುಕ್ಕಟೆಯಾಗಿ ಬಂದಿತೆಂದು ಪಟ್ಟಣದ ಬೆರಕೆ ಕಸವನ್ನು ಹೊಲಕ್ಕೆ ಸುರಿಸಿಕೊಳ್ಳಬೇಡಿರಿ. ಒಂದು ಗಾಡಿ ಕಸವು ಒಂದು ದಿನದಲ್ಲಿ ಬೀಳುತ್ತದೆ. ಅದರ ಚೂರುಗಳನ್ನು ನಿಮ್ಮ ಮಕ್ಕಳು ವರ್ಷಗಟ್ಟಲೆ ಆರಿಸಬೇಕಾದೀತು. ಒಣಕಸವನ್ನು ಕೂಡಿಡಲು ಊರಿನಲ್ಲಿ ಒಂದು ಜಾಗವನ್ನು ಪಂಚಾಯಿತಿಯಿಂದ ಕೇಳಿ ಪಡೆಯಿರಿ. ಮುಂದಿನ ಸಲ ತಿಪ್ಪೆಯನ್ನು ಹೊಲಕ್ಕೆ ಹೊಡೆಯುವುದಕ್ಕೆ ಮುಂಚೆ ಒಂದು ಬುಟ್ಟಿಯಷ್ಟನ್ನು ನೆಲದ ಮೇಲೆ ಹರಡಿ ನೋಡಿರಿ. ಅದರಲ್ಲಿ ಕಂಡದ್ದೇ ನಿಮ್ಮ ಮನೆಯವರೊಡನೆ ಮಾತನಾಡಲು ಸಾಕಾದ ಕಾರಣವಾಗುವುದು.