ನುಂಗುವ ಮೊದಲು ಅಗಿಯಬೇಕು
ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ಗಟ್ಟಿ ಆಹಾರ ಒಗ್ಗುವುದು ಬಹುಮಟ್ಟಿಗೆ ಉಣ್ಣುವ ರೀತಿಯನ್ನು ಅವಲಂಬಿಸಿದೆ. ಇಂಥ ಶಸ್ತ್ರಚಿಕಿತ್ಸೆಗಳಲ್ಲೊಂದಾದ ಸ್ಲೀವ್ ಗ್ಯಾಸ್ಟ್ರೆಕ್ಟಮಿಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆಯುತ್ತಾರೆ. ಉಳಿಯುವುದು ಕಿರಿದಾದ ಕೊಳವೆ. ಅದು ಮಾಯುವವರೆಗೆ, ಸಾಮಾನ್ಯವಾಗಿ ಮೊದಲ 2 ವಾರ ಬೇಳೆಕಟ್ಟು, ಮಜ್ಜಿಗೆಯಂಥ ದ್ರವ. ನಂತರ ನುಣ್ಣಗೆ ಅರೆದದ್ದು. ಸುಮಾರು 5ನೇ ವಾರದಿಂದ ಮೆತ್ತನೆಯ ಮೊಟ್ಟೆ, ಪನೀರ್. 6ರಿಂದ 8 ವಾರ ಕಳೆದ ಮೇಲೆ ಗಟ್ಟಿ ಊಟ. ಆಗಲೂ ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಬಿಡುವಿನಲ್ಲಿ ಗಬಗಬನೆ ತಿನ್ನುವ ಬಿರಿಯಾನಿಗೂ, ಕನ್ನಡ ನಾಡಿನಲ್ಲಿ ಅಗಿಯದೆ ನುಂಗುವ ರಾಗಿಮುದ್ದೆಗೂ ತೊಡಕು ಒಂದೇ: ಅಂಟುವ ಅನ್ನ, ಒಣ ಮಾಂಸ, ದೊಡ್ಡ ತುತ್ತು ಸಿಕ್ಕಿಕೊಂಡಂತಾಗಿ ಎದೆ ಬಿಗಿದು ವಾಂತಿಯಾಗುತ್ತದೆ. ಆದ್ದರಿಂದ ಒಮ್ಮೆಗೆ ಒಂದೇ ಹೊಸ ಪದಾರ್ಥ, ಪುಟ್ಟ ತುತ್ತು, 20–30 ನಿಮಿಷದ ಊಟ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕಿರುವುದರಿಂದ ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಮೀನು ಮೊದಲು, ಅನ್ನ ಕೊನೆಗೆ. ನೀರು ಊಟವಾಗಿ ಅರ್ಧ ಗಂಟೆಯ ಮೇಲೆ. ಹೊಟ್ಟೆ ತುಂಬಿದ ಮೊದಲ ಸುಳಿವಿಗೇ ನಿಲ್ಲಿಸಬೇಕು. ಮನೆಯವರೂ ಇನ್ನೊಂದು ತುತ್ತಿಗೆ ಒತ್ತಾಯಿಸಬಾರದು. ವಾಂತಿ ಬಿಡದಿದ್ದರೆ ಕೊಳವೆ ಕಿರಿದಾಗಿರಬಹುದು, ಥಯಾಮಿನ್ (ಬಿ1 ಜೀವಸತ್ವ) ಕೊರತೆಯಿಂದ ನರಗಳಿಗೂ ಮಿದುಳಿಗೂ ಹಾನಿಯಾಗಬಹುದು. ತಡಮಾಡದೆ ಶಸ್ತ್ರವೈದ್ಯರನ್ನು ಕಾಣಬೇಕು.