ಗಾಜು ಹೊಸದು, ಕಣ್ಣು ಮಾತ್ರ ಕುರುಡು

ಕಾರಿನ ಮುಂದಿನ ಗಾಜು ಬದಲಾಯಿಸಿದ ಮೇಲೆ ಆಟೋ ವೈಪರ್ ಸರಿಯಾಗಿ ಓಡ್ತಿಲ್ಲ ಅಂತ ಗ್ಯಾರೇಜಿಗೆ ವಾಪಸ್ ಹೋದವರಿಗೆ ಒಂದು ಉತ್ತರ ಸಿಗುತ್ತೆ: "ಸಾರ್, ಆಟೋ ಆಫ್ ಮಾಡ್ಕೊಂಡು ಕೈಯಲ್ಲೇ ಹಾಕ್ಕೊಳ್ಳಿ, ಏನಾಗಲ್ಲ." ಈ 'ಏನಾಗಲ್ಲ'ವನ್ನ ಒಪ್ಪಿಕೊಂಡು ಮನೆಗೆ ಬರಬಾರದು ಅನ್ನೋದು ನಮ್ಮ ವಾದ. ಯಾಕಂದ್ರೆ ಕೆಟ್ಟಿರೋದು ದೊಡ್ಡ ಎಲೆಕ್ಟ್ರಾನಿಕ್ಸ್ ಅಲ್ಲದೇ ಇರಬಹುದು. ಉಗುರಿನಷ್ಟು ಗಾಳಿ ಸಿಕ್ಕಿಹಾಕಿಕೊಂಡಿರೋ ಒಂದು ಮೆತ್ತನೆ ಪ್ಯಾಡ್ ಸಾಕು, ಇಷ್ಟೆಲ್ಲಾ ಆಗೋಕೆ.

ನಮ್ಮ ಹಾಸ್ಟೆಲ್ ಗೆಳೆಯನೊಬ್ಬನ ಮನೆ ಕಾರಿಗೆ ಹೀಗೇ ಆಯ್ತು. ಹೈವೇಲಿ ಮುಂದಿನ ಲಾರಿಯಿಂದ ಕಲ್ಲು ಹಾರಿ ಗಾಜು ಬಿರುಕು ಬಿಡ್ತು, ಹೊಸ ಗಾಜು ಬಂತು. ಆಮೇಲೆ ಮಳೆ ಬಂದ್ರೆ ವೈಪರ್ ಸುಮ್ಮನೆ ಮಲಗಿರ್ತಿತ್ತು, ಚೆನ್ನಾಗಿ ಬಿಸಿಲಿದ್ದಾಗ ಒಣ ಗಾಜಿನ ಮೇಲೆ ಕರಕರ ಅಂತ ಓಡ್ತಿತ್ತು. ಗ್ಯಾರೇಜಿನವರು "ಸೆನ್ಸಾರ್ ಹೋಗಿದೆ, ಹೊಸದು ತರಿಸಬೇಕು" ಅಂದ್ರು. ಅವನಪ್ಪ ಇನ್ನೊಂದು ಕಡೆ ತೋರಿಸಿದ್ರು. ಅಲ್ಲಿನ ಮೆಕ್ಯಾನಿಕ್ ಹೊರಗಿನಿಂದ ಗಾಜಿಗೆ ಟಾರ್ಚ್ ಹಿಡಿದು ನೋಡಿ, "ಹಳೇ ಪ್ಯಾಡೇ ಹಾಕಿದಾರೆ ಸಾರ್, ಗುಳ್ಳೆ ನೋಡಿ" ಅಂದ್ರಂತೆ. ಪ್ಯಾಡ್ ಬದಲಾಯಿಸಿದ್ರು, ಸೆನ್ಸಾರ್ ಅದೇ ಹಳೇದು, ಈಗ ಸರಿಯಾಗಿ ಓಡ್ತಿದೆ.

ಒಂದು ಗುಳ್ಳೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಉತ್ತರ ನಾವೆಲ್ಲ ಪಿಯುಸಿಯಲ್ಲಿ ಸಿಇಟಿಗೋಸ್ಕರ ಉರು ಹೊಡೆದ ಪಾಠದಲ್ಲೇ ಇದೆ. ಪೂರ್ಣ ಆಂತರಿಕ ಪ್ರತಿಫಲನ, ಅಂದ್ರೆ ನಮ್ಮ ಭಾಷೆಯಲ್ಲಿ ಟಿಐಆರ್.

ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡಿರೋ ಕಪ್ಪು ಡಬ್ಬಿಯಲ್ಲಿ ಇನ್‌ಫ್ರಾರೆಡ್ ಎಲ್‌ಇಡಿ ಇರುತ್ತೆ. ಅದರ ಬೆಳಕು ಗಾಜಿನೊಳಗೆ ಸುಮಾರು 45 ಡಿಗ್ರಿ ಓರೆಯಾಗಿ ಹೋಗಿ ಹೊರಮೈಗೆ ಬಡಿಯುತ್ತೆ. ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5. ಹೊರಗೆ ಬರೀ ಗಾಳಿ ಇದ್ರೆ ಕ್ರಿಟಿಕಲ್ ಆ್ಯಂಗಲ್ ಹತ್ತಿರತ್ತಿರ 42 ಡಿಗ್ರಿ. 45 ಅದಕ್ಕಿಂತ ಜಾಸ್ತಿ, ಹಾಗಾಗಿ ಬೆಳಕು ಪೂರ್ತಿ ವಾಪಸ್ ಬಂದು ಡಬ್ಬಿಯಲ್ಲಿರೋ ಫೋಟೋಡಯೋಡಿಗೆ ಬೀಳುತ್ತೆ. ಗಾಜಿನ ಮೇಲೆ ನೀರಿನ ಹನಿ ಕೂತ್ರೆ ಕ್ರಿಟಿಕಲ್ ಆ್ಯಂಗಲ್ 62 ಡಿಗ್ರಿ ದಾಟುತ್ತೆ, ಬೆಳಕು ಆ ಹನಿಯ ಮೂಲಕ ಹೊರಗೆ ಸೋರಿಹೋಗುತ್ತೆ. ವಾಪಸ್ ಬರೋ ಬೆಳಕು ಕಮ್ಮಿ ಆದಷ್ಟೂ ಮಳೆ ಜೋರು ಅಂತ ಲೆಕ್ಕ. ಅಂದ್ರೆ ರೇನ್ ಸೆನ್ಸಾರ್ ನೀರನ್ನ ನೋಡೋದೇ ಇಲ್ಲ, ಕಾಣೆಯಾದ ಬೆಳಕನ್ನ ಎಣಿಸುತ್ತೆ. ಎಷ್ಟು ಚಂದದ ಉಪಾಯ ಅಲ್ವಾ!

ಆದ್ರೆ ಇಲ್ಲೊಂದು ತೊಡಕಿದೆ. ಗಾಳಿಯಿಂದ ಗಾಜಿನೊಳಗೆ ಹೋಗೋ ಬೆಳಕು ನೀವು ಎಷ್ಟೇ ಓರೆಯಾಗಿ ಬಿಟ್ರೂ ಒಳಗೆ 42 ಡಿಗ್ರಿಗಿಂತ ಜಾಸ್ತಿ ಓರೆ ಆಗೋಕೆ ಆಗಲ್ಲ. ಸ್ನೆಲ್ ನಿಯಮ ಬಿಡಲ್ಲ. ಹಾಗಿದ್ಮೇಲೆ 45 ಡಿಗ್ರಿ ಬೆಳಕು ಒಳಗೆ ಹೋಗೋದು ಹೇಗೆ? ಅದಕ್ಕೇ ಸೆನ್ಸಾರಿನ ಲೆನ್ಸಿಗೂ ಗಾಜಿಗೂ ಮಧ್ಯೆ ಗಾಳಿಯೇ ಇರಬಾರದು. ಆ ಜಾಗ ತುಂಬೋದೇ ಪಾರದರ್ಶಕ ಸಿಲಿಕೋನ್ ಜೆಲ್ ಪ್ಯಾಡ್. ಮುಟ್ಟಿದ್ರೆ ತಾಟಿನುಂಗಿನ ಥರ ಮೆತ್ತಗೆ, ಸೂಚ್ಯಂಕ ಸುಮಾರು 1.4, ಗಾಜಿಗೆ ಹತ್ತಿರ. ಅದರ ಕೆಳಗೆ ಒಂದು ಗುಳ್ಳೆ ಉಳಿದ್ರೆ ಆ ಜಾಗದಲ್ಲಿ ಬೆಳಕು ಗಾಜಿನೊಳಗೆ ಹೋಗೋದೂ ಇಲ್ಲ, ಹೋಗಿದ್ದು ವಾಪಸ್ ಬರೋದೂ ಇಲ್ಲ. ಸೆನ್ಸಾರಿಗೆ ಅದು ಮಳೆಯ ಥರ ಕಾಣಬಹುದು, ಇಲ್ಲಾ ಅದರ ಲೆಕ್ಕವೇ ಪೂರ್ತಿ ತಪ್ಪಿ ನಿಜವಾದ ಮಳೆ ಗೊತ್ತಾಗದೇ ಹೋಗಬಹುದು. ಮೊಬೈಲಿಗೆ ಸ್ಕ್ರೀನ್ ಗಾರ್ಡ್ ಹಾಕುವಾಗ ಗುಳ್ಳೆ ಉಳಿದ್ರೆ ನೋಡೋಕೆ ಅಸಹ್ಯ ಅಷ್ಟೇ. ಇಲ್ಲಿ ಉಳಿದ್ರೆ ಕಾರಿಗೆ ಕಣ್ಣು ಹೋದ ಹಾಗೆ. (ಆ ಗುಳ್ಳೆ ಹೊರಗಿನಿಂದ ಬೆಳ್ಳಿ ಥರ ಮಿಂಚೋದಕ್ಕೂ ಬೆಳಕಿನ ಪ್ರತಿಫಲನವೇ ಕಾರಣ. ಟಾರ್ಚ್ ಹಿಡಿದ ಆ ಮೆಕ್ಯಾನಿಕ್ ಸೂತ್ರ ಬರೆಯದೇ ಅದನ್ನ ಬಳಸಿದ್ರು.)

ಕೆಲಸ ಸರಿಯಾಗಿ ಮಾಡೋದು ಕಷ್ಟವೇನಲ್ಲ, ತಾಳ್ಮೆ ಬೇಕು. ಹಳೇ ಗಾಜಿನಿಂದ ಸೆನ್ಸಾರನ್ನ ಕ್ಲಿಪ್ ಬಿಡಿಸಿ ತೆಗೀಬೇಕು, ಎಳೆದು ಕೀಳಬಾರದು. ಹಳೇ ಪ್ಯಾಡಿಗೆ ಧೂಳು, ಬೆರಳಿನ ಜಿಡ್ಡು ಒಂದು ಸಲ ಅಂಟಿತು ಅಂದ್ರೆ ಅದು ಮತ್ತೆ ಗಾಜಿಗೆ ಒಂದೇ ಸಮ ಕೂರೋದು ಕಷ್ಟ, ಹೊಸದೇ ಹಾಕಬೇಕು. ಲೆನ್ಸನ್ನೂ ಗಾಜನ್ನೂ ನಾರು ಬಿಡದ ಬಟ್ಟೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ಯಾಡನ್ನ ಒಂದು ಅಂಚಿನಿಂದ ಶುರು ಮಾಡಿ ಗಾಳಿಯನ್ನ ಹೊರದಬ್ಬುತ್ತಾ ಕೂರಿಸಬೇಕು. ಆಮೇಲೆ ಕ್ಲಿಪ್. ಆಮೇಲೆ ಹೊರಗೆ ನಿಂತು ಗುಳ್ಳೆ ಇದೆಯಾ ನೋಡಬೇಕು. ಸೂಪರ್ ಗ್ಲೂ, ಡಬಲ್ ಸೈಡ್ ಟೇಪ್ ಇವೆಲ್ಲ ಇಲ್ಲಿ ಬೇಡವೇ ಬೇಡ. ಇಲ್ಲಿ ಡಬ್ಬಿ ಬೀಳದೇ ಇದ್ರೆ ಸಾಕು ಅನ್ನೋ ಹಾಗಿಲ್ಲ, ಬೆಳಕು ದಾಟಬೇಕು. ಕೆಲವು ಕಾರುಗಳಲ್ಲಿ ಸ್ಕ್ಯಾನ್ ಟೂಲ್ ಹಾಕಿ ಹೊಸ ಗಾಜಿಗೆ ಸೆನ್ಸಾರನ್ನ ಹೊಂದಿಸಲೂ ಬೇಕು. ಗಾಜಿನ ಆಯ್ಕೆಯೂ ಮುಖ್ಯ: ಮೇಲಿನ ಕಪ್ಪು ಪಟ್ಟಿಯಲ್ಲಿ ಸೆನ್ಸಾರಿಗೆ ಅಂತ ಬಿಟ್ಟ ಕಿಟಕಿ, ಸರಿಯಾದ ಜಾಗದಲ್ಲಿ ಬ್ರಾಕೆಟ್ ಇರೋ ಗಾಜೇ ಬೇಕು. ಸೆನ್ಸಾರ್ ಇಲ್ಲದ ಮಾಡೆಲ್ಲಿನ ಗಾಜು ಅಳತೆಗೆ ಕೂತ್ರೂ ಪ್ರಯೋಜನ ಇಲ್ಲ.

"ಆಟೋ ವೈಪರ್ ಅನ್ನೋದೇ ಶೋಕಿ, ಸ್ಟಾಕ್ ತಿರುಗಿಸೋಕೆ ಕೈ ನೋವಾ?" ಅಂತ ಕೇಳೋರಿದಾರೆ. ಸರಿ, 1903ರಲ್ಲಿ ಮೇರಿ ಆಂಡರ್ಸನ್ ಪೇಟೆಂಟ್ ಪಡೆದ ವೈಪರನ್ನ ಒಳಗಿನಿಂದ ಕೈಯಲ್ಲಿ ಹಿಡಿ ಎಳೆದೇ ಓಡಿಸಬೇಕಿತ್ತು, ಆಗಲೂ ಜನ ಗಾಡಿ ಓಡಿಸಿದ್ರು. ಆದ್ರೆ ಶಿರಾಡಿ ಘಾಟಿಯ ತಿರುವಿನಲ್ಲಿ ಎದುರಿನ ಲಾರಿ ಒಂದು ಬಕೆಟ್ ಕೆಸರುನೀರು ಎರಚಿದಾಗ, ಆಟೋ ಇದೆ ಅಂತ ನಂಬಿ ಕೂತವರಿಗೆ ಅದು ಓಡದೇ ಇದ್ರೆ, ಮೊದಲಿನಿಂದಲೂ ಆಟೋ ಇಲ್ಲದವರಿಗಿಂತ ಅವರ ಪಾಡು ಕಷ್ಟ. ಇಲ್ಲದ ಸೌಲಭ್ಯ ಮೋಸ ಮಾಡಲ್ಲ, ಅರ್ಧ ಇರೋದು ಮಾಡುತ್ತೆ. ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟ್ ತಾನಾಗಿ ಹೊತ್ತಿಸೋ ಲೈಟ್ ಸೆನ್ಸಾರ್ ಕೂಡ ಇದೇ ಡಬ್ಬಿಯಲ್ಲಿರುತ್ತೆ. ಡಬ್ಬಿ ಕಳಚಿ ನೇತಾಡಿದ್ರೆ ಅದೂ ಹೋಯ್ತು.

ಹಾಗಂತ ತಪ್ಪೆಲ್ಲ ಗಾಜು ಕೂರಿಸೋ ಹುಡುಗರದ್ದು ಅನ್ನೋಕೆ ನಾವು ತಯಾರಿಲ್ಲ. ಅವರ ಕಣ್ಣಲ್ಲಿ ಕೆಲಸ ಅಂದ್ರೆ ಗಾಜು: ನೀರು ಸೋರಬಾರದು, ಯುರಿಥೇನ್ ಅಂಟು ಗಟ್ಟಿಯಾಗಬೇಕು. ಆ ಡಬ್ಬಿ ಗಾಜಿನ ಕೆಲಸವೂ ಅಲ್ಲ, ಎಲೆಕ್ಟ್ರಿಷಿಯನ್ ಕೆಲಸವೂ ಅಲ್ಲ, ಮಧ್ಯದಲ್ಲಿ ಅನಾಥ. ಜೊತೆಗೆ ಸರ್ವಿಸ್ ಮ್ಯಾನ್ಯುಯಲ್ ಇಂಗ್ಲಿಷಿನಲ್ಲಿ. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ನಮಗೇ ಅದನ್ನ ಎರಡು ಸಲ ಓದಬೇಕು. ದಿನಾ ಕೈಯಲ್ಲಿ ಕೆಲಸ ಮಾಡೋರಿಗೆ "ಈ ಪ್ಯಾಡ್ ಒಂದೇ ಸಲ ಬಳಸಿ, ಗುಳ್ಳೆ ಬಿಡಬೇಡಿ" ಅಂತ ಅದರ ಪ್ಯಾಕೆಟ್ ಮೇಲೆ ಕನ್ನಡದಲ್ಲಿ ಒಂದು ಸಾಲು ಹಾಕೋಕೆ ಕಂಪನಿಗಳಿಗೆ ಎಷ್ಟು ಖರ್ಚಾಗುತ್ತೆ? ಭೌತಶಾಸ್ತ್ರ ಗೊತ್ತಿರೋ ನಮಗೆ ಪ್ಯಾಡ್ ಗೊತ್ತಿಲ್ಲ, ಪ್ಯಾಡ್ ಮುಟ್ಟೋರಿಗೆ ಭೌತಶಾಸ್ತ್ರವನ್ನ ಯಾರೂ ಹೇಳಿಲ್ಲ. ನಡುವೆ ಗಾಳಿ ತುಂಬಿಕೊಂಡಿರೋದು ಇಲ್ಲೂ ಹೌದು.

ಬಿಲ್ಲಿನ ವಿಷಯಕ್ಕೂ ಒಂದು ಮಾತು. ನಮ್ಮ ದೇಶದ ವಾಹನ ವಿಮೆಯಲ್ಲಿ ಗಾಜಿನ ಭಾಗಗಳಿಗೆ ಸವಕಳಿ ಕಳೆಯಲ್ಲ, ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಶೇಕಡಾ 50 ಕಳೀತಾರೆ. ಗಾಜು ಪೂರ್ತಿ ಕ್ಲೇಮ್ ಆಯ್ತು ಅನ್ನೋ ಖುಷಿಯಲ್ಲಿ ಉಳಿದ ಸಾಮಾನಿನ ಪಟ್ಟಿಯನ್ನ ಯಾರೂ ಓದಲ್ಲ. ಎಸ್ಟಿಮೇಟ್ ಕೊಡುವಾಗಲೇ ಕೇಳಿ: ರೇನ್ ಸೆನ್ಸಾರ್ ಪ್ಯಾಡ್ ಹೊಸದು ಬರೆದಿದೀರಾ? ಡೆಲಿವರಿ ತಗೊಳ್ಳುವಾಗ ಇಗ್ನಿಷನ್ ಆನ್ ಮಾಡಿಸಿ, ಸ್ಟಾಕ್ ಆಟೋದಲ್ಲಿಟ್ಟು, ಸೆನ್ಸಾರಿನ ಎದುರು ಹೊರಗಿನಿಂದ ಸ್ವಲ್ಪ ನೀರು ಚಿಮುಕಿಸಿ ನೋಡಿ. ಎರಡು ನಿಮಿಷದ ಕೆಲಸ. "ಸೆನ್ಸಾರ್ ಹೋಗಿದೆ" ಅಂದ್ರೆ, ಪ್ಯಾಡ್ ಬದಲಾಯಿಸಿ ನೋಡಿದ್ರಾ ಅಂತ ಕೇಳದೇ ದುಡ್ಡು ಕೊಡಬೇಡಿ. ಪ್ಯಾಡು ಸೆನ್ಸಾರಿಗಿಂತ ಎಷ್ಟೋ ಅಗ್ಗ.

ಇನ್ನು ನಮ್ಮ ಕಾಲೇಜಿನ ಸರದಿ. ಲ್ಯಾಬಿನಲ್ಲಿ ಇವತ್ತಿಗೂ ಪ್ರಿಸಂ ಇಟ್ಟು ರೀಡಿಂಗ್ ಬರೆದು, ಗ್ರಾಫ್ ಎಳೆದು, ವೈವಾದಲ್ಲಿ ಡೆಫಿನಿಷನ್ ಒಪ್ಪಿಸಿ ಬರ್ತೀವಿ. ವರ್ಕ್‌ಶಾಪಿನಲ್ಲಿ ಅರ್ಧ ಕೊಯ್ದ ಹಳೇ ಎಂಜಿನ್ ಒಂದು ಧೂಳು ತಿನ್ನುತ್ತಾ ನಿಂತಿದೆ. ಅದರ ಪಕ್ಕ ಒಂದು ವಿಂಡ್‌ಶೀಲ್ಡ್ ತುಂಡು, ಒಂದು ಸೆನ್ಸಾರ್, ನಾಲ್ಕು ಪ್ಯಾಡ್, ಒಂದು ಸ್ಪ್ರೇ ಬಾಟಲಿ ಇಟ್ರೆ ಆಪ್ಟಿಕ್ಸ್ ಒಂದೇ ಮಧ್ಯಾಹ್ನದಲ್ಲಿ ತಲೆಗೆ ಹೋಗುತ್ತೆ. ಊರಿನ ಮೆಕ್ಯಾನಿಕ್‌ಗಳನ್ನೇ ಒಂದು ದಿನ ಕರೆಸಿ, ಅವರು ಕೂರಿಸೋದು ಹೇಗಂತ ತೋರಿಸಲಿ, ನಾವು ಯಾಕಂತ ಹೇಳ್ತೀವಿ. ಬಿರುಕು ಬಿಟ್ಟ ಗಾಜುಗಳು ಗಾಜಿನಂಗಡಿ ಹಿಂದೆ ಗೋಡೆಗೆ ಒರಗಿ ಬಿದ್ದಿರ್ತವೆ, ಲ್ಯಾಮಿನೇಟೆಡ್ ಆಗಿರೋದ್ರಿಂದ ಚೂರುಚೂರು ಆಗಿರಲ್ಲ. ಎಚ್‌ಒಡಿ ಸರ್ ಹೂಂ ಅಂದ್ರೆ ಬರೋ ಶನಿವಾರವೇ ಆಟೋದಲ್ಲಿ ಹಾಕ್ಕೊಂಡು ಬರ್ತೀವಿ, ಗ್ಲೌಸ್ ನಮ್ಮ ಹತ್ರ ಇದೆ.