ಸಾಕ್ಷಿಯ ಮಾತಿಗೆ ಎಷ್ಟು ತೂಕ?

ತನ್ನನ್ನು ಎತ್ತಿಕೊಂಡು ಹೋದ ಕಾರು ಫಿಯೆಟ್ಟೋ ಅಂಬಾಸಿಡರೋ ಎಂದು ಹೇಳಲಾರದ ಹುಡುಗಿಯ ಮಾತನ್ನು ನಂಬಬಹುದೇ? ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

1984ರ ಮಾರ್ಚ್ 30. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆ ಮುಗಿಸಿ ಹೊರಟಿದ್ದಳು. ವಯಸ್ಸು ಇನ್ನೂ 16 ತುಂಬಿರಲಿಲ್ಲ. ದುಷ್ಕರ್ಮಿಗಳು ಅವಳನ್ನು ಕಾರಿನೊಳಕ್ಕೆ ಎಳೆದುಕೊಂಡು, ಕೂಗಿದರೆ ಕೊಲ್ಲುವುದಾಗಿ ಬೆದರಿಸಿ ಕೊಂಡೊಯ್ದು ಅತ್ಯಾಚಾರ ಮಾಡಿದರು. ಮರುದಿನ ಬೆಳಿಗ್ಗೆ ಶಾಲೆಯ ಹತ್ತಿರ ಬಿಟ್ಟುಹೋದರು. ಅಂದೂ ಅವಳಿಗೆ ಪರೀಕ್ಷೆಯಿತ್ತು, ಬರೆದಳು. ಊರಿಗೆ ಹೋಗಿ ತಾಯಿಗೆ ಎಲ್ಲವನ್ನೂ ಹೇಳಿದಳು. ತಂದೆ ಸರಪಂಚರ ಬಳಿ ಹೋದರೆ ಅಲ್ಲಿ ನಡೆದದ್ದು ರಾಜಿಯ ಪ್ರಯತ್ನ. ಕೊನೆಗೆ ತಂದೆ ಮಗಳು ಪೊಲೀಸ್ ಠಾಣೆಗೆ ಹೊರಟರು.

1985ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಕಾರು ಯಾವುದೆಂದು ಹುಡುಗಿಗೆ ಗೊತ್ತಿಲ್ಲ, ದಾರಿಯಲ್ಲಿ ಕೂಗಿಕೊಳ್ಳಲಿಲ್ಲ, ಶಿಕ್ಷಕಿಯರಿಗೆ ಹೇಳಲಿಲ್ಲ, ದೂರು ತಡವಾಯಿತು ಎಂಬುವು ಕಾರಣಗಳು. ಸಾಲದ್ದಕ್ಕೆ ಅವಳ ನಡತೆಯ ಮೇಲೂ ಕಳಂಕ ಹೊರಿಸಿತು.

ಸಾಕ್ಷಿಯನ್ನು ಎದುರಿಗೆ ಕಂಡು ಮಾತು ಕೇಳುವವರು ಕೆಳ ನ್ಯಾಯಾಲಯದ ನ್ಯಾಯಾಧೀಶರು. ಮೇಲ್ಮನವಿಯಲ್ಲಿ ಸಾಮಾನ್ಯವಾಗಿ ಕಾಣುವುದು ದಾಖಲೆಯ ಕಾಗದ. ಆದ್ದರಿಂದ ಖುಲಾಸೆಯ ತೀರ್ಪನ್ನು ಸುಮ್ಮನೆ ತಿರುಗಿಸುವಂತಿಲ್ಲ. ಆದರೆ ಆ ತೀರ್ಪಿಗೆ ಕೊಟ್ಟ ಕಾರಣಗಳೇ ಟೊಳ್ಳಾಗಿದ್ದರೆ?

1996ರ ಜನವರಿ 16ರಂದು ಸುಪ್ರೀಂ ಕೋರ್ಟ್ ಆ ಕಾರಣಗಳನ್ನು ಒಂದೊಂದಾಗಿ ತೂಗಿ ನೋಡಿತು. ಹಳ್ಳಿಯ ಹುಡುಗಿಗೆ ಕಾರಿನ ಜಾತಿ ತಿಳಿಯದಿದ್ದರೆ ಅತ್ಯಾಚಾರ ಸುಳ್ಳಾಗುವುದಿಲ್ಲ. ಪ್ರಾಣಭಯದಲ್ಲಿದ್ದವಳು ಕೂಗದಿರುವುದು ಸಹಜ. ಬೇರೆ ಯಾರಿಗೂ ಹೇಳದೆ ಮೊದಲು ತಾಯಿಗೆ ಹೇಳಿದ್ದೂ ಸಹಜವೇ. ತಡಕ್ಕೆ ಪಂಚಾಯಿತಿಯ ಕಾರಣವಿದೆ. ರಾಸಾಯನಿಕ ಪರೀಕ್ಷಕರ ವರದಿ ಅವಳ ಮಾತಿಗೆ ಬೆಂಬಲ ಕೊಡುತ್ತದೆ. ನಂಬಿಕೆ ಹುಟ್ಟಿಸುವಂತಿದ್ದರೆ ಸಂತ್ರಸ್ತೆಯ ಮಾತೊಂದೇ ಸಾಕು, ಬೇರೆ ಸಾಕ್ಷ್ಯ ಬೇಕೇಬೇಕೆಂಬ ನಿಯಮವಿಲ್ಲ ಎಂದ ನ್ಯಾಯಾಲಯ, ಆರೋಪಿಗಳಿಗೆ 5 ವರ್ಷ ಕಠಿಣ ಶಿಕ್ಷೆ ವಿಧಿಸಿತು. ಅಷ್ಟರಲ್ಲಿ ಸುಮಾರು 12 ವರ್ಷ ಕಳೆದಿದ್ದವು.

ಹಾಗಾದರೆ ಆರೋಪ ಕೇಳಿಬಂದೊಡನೆ ಶಿಕ್ಷೆಯೇ? ಅಲ್ಲ. 2012ರಲ್ಲಿ ದೆಹಲಿಯ ಇನ್ನೊಂದು ಮೊಕದ್ದಮೆಯಲ್ಲಿ ಕೆಳಗಿನ ಎರಡೂ ನ್ಯಾಯಾಲಯಗಳು ತಪ್ಪಿತಸ್ಥರೆಂದವರನ್ನು ಸುಪ್ರೀಂ ಕೋರ್ಟೇ ಬಿಡುಗಡೆ ಮಾಡಿತು. ಒಬ್ಬರ ಮಾತಿನ ಮೇಲೆಯೇ ಶಿಕ್ಷೆ ಕೊಡಬೇಕಾದರೆ ಆ ಮಾತು ಮೊದಲ ಹೇಳಿಕೆಯಿಂದ ಪಾಟೀಸವಾಲಿನವರೆಗೆ ಮುಖ್ಯ ಸಂಗತಿಗಳಲ್ಲಿ ಅಲುಗದೆ ನಿಲ್ಲಬೇಕು, ಉಳಿದ ಸಾಕ್ಷ್ಯಗಳೊಂದಿಗೆ ಹೊಂದಬೇಕು ಎಂದಿತು.

ಎರಡು ತೀರ್ಪುಗಳಲ್ಲಿ ವಿರೋಧವಿಲ್ಲ. ಪ್ರಯೋಗಶಾಲೆಯಲ್ಲಿ ಲೋಲಕದ ಅವಧಿಯನ್ನು ಮೂರು ಸಲ ಅಳೆದರೆ ಮೂರು ಉತ್ತರಗಳು ತುಸು ಬೇರೆ ಬರುತ್ತವೆ. ಅಷ್ಟಕ್ಕೇ ಲೋಲಕ ತೂಗಲಿಲ್ಲ ಎನ್ನುವವರಿಲ್ಲ. ಆದರೆ ಒಂದು ಉತ್ತರ 2 ಸೆಕೆಂಡು, ಇನ್ನೊಂದು 20 ಸೆಕೆಂಡು ಬಂದರೆ ಪ್ರಯೋಗವನ್ನೇ ಪ್ರಶ್ನಿಸಬೇಕಾಗುತ್ತದೆ. ಸಾಕ್ಷಿಯ ಮಾತಿನಲ್ಲೂ ಸಣ್ಣ ವ್ಯತ್ಯಾಸ ಬೇರೆ, ಬುಡವನ್ನೇ ಅಲುಗಿಸುವ ವ್ಯತ್ಯಾಸ ಬೇರೆ.

ತಂದೆತಾಯಿಯರು ನೆನಪಿಡಬೇಕಾದದ್ದೂ ಇದೆ. ಮಕ್ಕಳು ಇಂಥ ಸಂಗತಿ ಹೇಳಿದಾಗ ಉಟ್ಟ ಬಟ್ಟೆಯನ್ನು ಒಗೆಯಬಾರದು. ವೈದ್ಯಕೀಯ ಪರೀಕ್ಷೆ ಬೇಗ ಆಗಬೇಕು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮೇಲಿನ ಇಂಥ ಅಪರಾಧ ಗೊತ್ತಾದವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ಊರಿನ ಹಿರಿಯರು ಕೂತು ರಾಜಿ ಮಾಡಿ ಮುಗಿಸುವ ವಿಷಯ ಇದಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಬಾಯಿಬಿಟ್ಟಾಗ ಮನೆಯವರ ಮೊದಲ ಪ್ರಶ್ನೆ “ನೀನು ಯಾಕೆ ಕೂಗಲಿಲ್ಲ?” ಎಂದಾಗಬಾರದು. ಆ ಪ್ರಶ್ನೆಗೆ 1996ರಲ್ಲೇ ಉತ್ತರ ಸಿಕ್ಕಿದೆ.